ದಂಡ ಕಟ್ಟಿದರೆ ತೀರಿತೇ?



ಕುಡಿದು ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ ಮೊದಲ ಸಲ 10,000 ರೂಪಾಯಿ ದಂಡ ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ ಇಲ್ಲವೇ 2 ವರ್ಷದವರೆಗೆ ಜೈಲು, ಅಥವಾ ಎರಡೂ. ಬರೀ ದಂಡಕ್ಕೆ ಬಿಟ್ಟರೆ ಎರಡನೇ ತಪ್ಪಿಗೆ ಹೆಚ್ಚಾಗುವುದು 5,000 ರೂಪಾಯಿ ಮಾತ್ರ. ಉಳ್ಳವರಿಗೆ ಅದು ಟೋಲ್ ಕಟ್ಟಿದಷ್ಟೇ ಹಗುರ.

ಸೇತುವೆ ಮತ್ತೆ ಬಿರುಕು ಬಿಟ್ಟರೆ ನಾವು ಇಂಜಿನಿಯರುಗಳು ತೇಪೆ ಹಾಕಿ ಸುಮ್ಮನಾಗುವುದಿಲ್ಲ; ಸಂಚಾರ ನಿಲ್ಲಿಸುತ್ತೇವೆ. ಅದೇ ಕಾಯ್ದೆಯ 20ನೇ ಕಲಮಿನಂತೆ ನ್ಯಾಯಾಲಯ ತಪ್ಪಿತಸ್ಥನನ್ನು ಕನಿಷ್ಠ 6 ತಿಂಗಳು ಲೈಸೆನ್ಸಿಗೆ ಅನರ್ಹಗೊಳಿಸಬೇಕು. ಇದು ತಪ್ಪದೆ ಜಾರಿಯಾಗಲಿ. ಮರುಕಳಿಸಿದವನಿಗೆ ಅವಧಿ ಬೆಳೆಯಲಿ.

‘ನಮ್ಮ ಹುಡುಗ’ ಎಂದು ಠಾಣೆಗೆ ಫೋನ್ ಮಾಡುವ ಹಿರಿಯರು ಮೊದಲು ಅವನ ಗಾಡಿಯ ಕೀಲಿ ಇಸಿದುಕೊಳ್ಳಲಿ. ರಸ್ತೆಯಂಚಿನಲ್ಲಿ ನಡೆದುಬರುವವನೂ ಜಂಗಮನೇ.