ಸ್ಟಿಯರಿಂಗಿನ ನಾಲ್ಕು ಮಿಲಿಮೀಟರು

1994ರ ಮೇ 1ರಂದು ಇಟಲಿಯ ಇಮೋಲಾದ ಫಾರ್ಮುಲಾ ಒನ್ ಪಂದ್ಯದಲ್ಲಿ ಅಯರ್ಟನ್ ಸೆನ್ನಾ ಓಡಿಸುತ್ತಿದ್ದ ವಿಲಿಯಮ್ಸ್ ಕಾರು ತಿರುವಿನ ಗೋಡೆಗೆ ಅಪ್ಪಳಿಸಿತು. ಮೂರು ಬಾರಿಯ ವಿಶ್ವ ಚಾಂಪಿಯನ್ ಅಂದೇ ತೀರಿಕೊಂಡರು. ಕಾರಿನ ಸ್ಟಿಯರಿಂಗ್ ದಂಡ ತುಂಡಾಗಿತ್ತು.

ಕೈಯಾಡಿಸಲು ಜಾಗ ಸಾಲದೆಂದು ಸೆನ್ನಾ ಹೇಳಿದ್ದರು. ಅದಕ್ಕಾಗಿ ಸುಮಾರು 22 ಮಿ.ಮೀ. ವ್ಯಾಸದ ಉಕ್ಕಿನ ಕೊಳವೆಯನ್ನು ಕತ್ತರಿಸಿ, ನಡುವೆ 18 ಮಿ.ಮೀ.ನ ತುಂಡೊಂದನ್ನು ಬೆಸೆದಿದ್ದರು. ನಾಲ್ಕೇ ಮಿಲಿಮೀಟರು ತಾನೆ ಎನ್ನಬೇಡಿ. ಗಟ್ಟಿ ಸರಳೊಂದು ತಿರುಚನ್ನು ತಾಳುವ ಬಲ ಅದರ ವ್ಯಾಸದ ಘನಕ್ಕೆ ತಕ್ಕಂತಿರುತ್ತದೆ. 22 ಹೋಗಿ 18 ಆದರೆ ಸುಮಾರು ಶೇ. 45ರಷ್ಟು ಬಲ ಹೋಯಿತು! ಕೊಳವೆಯಾದರೆ ಅದರ ಗೋಡೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ.

ಇನ್ನೂ ಅಪಾಯಕಾರಿಯಾದದ್ದು ದಪ್ಪ ಭಾಗ ತೆಳು ಭಾಗವನ್ನು ಸೇರುವ ಚೂಪು ಮೂಲೆ. ಒತ್ತಡವೆಲ್ಲ ಅಲ್ಲೇ ಸೇರಿ, ಪ್ರತಿ ತಿರುವಿನಲ್ಲೂ ಬಿರುಕು ಕೂದಲೆಳೆಯಷ್ಟು ಬೆಳೆಯುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವ ಹುಡುಗರಿಗೆ ಲೋಹದ ಈ ದಣಿವು ಗೊತ್ತು. ದಂಡವನ್ನು ಬಲಪಡಿಸಬೇಕಾದರೆ ಗೋಡೆಯನ್ನು ದಪ್ಪ ಮಾಡಬೇಕು, ಮೂಲೆಯನ್ನು ನಯವಾಗಿ ದುಂಡಗೆ ಇಳಿಸಬೇಕು.

ದಂಡ ಮುರಿದದ್ದೇ ಅಪಘಾತಕ್ಕೆ ಕಾರಣವೆಂದು ಇಟಲಿಯ ಉನ್ನತ ನ್ಯಾಯಾಲಯ 2007ರಲ್ಲಿ ತೀರ್ಮಾನಿಸಿತು. ಕಾರಿನ ವಿನ್ಯಾಸಕಾರ ಏಡ್ರಿಯನ್ ನ್ಯೂಯಿ ಬಿರುಕನ್ನು ಒಪ್ಪುತ್ತಾರೆ. ಕಾರು ದಾರಿ ತಪ್ಪಿದ್ದು ಅದರಿಂದಲ್ಲ ಎಂಬುದು ಅವರ ವಾದ.