ಮದ್ದು ಲೈನಿಗೇ ಬೇಕು

ನಮ್ಮದು ಲೈನಿನ ಕಟ್ಟಕಡೆಯ ಕಂಬ. ಮಾರ್ಚ್ ಬಂತೆಂದರೆ 415 ವೋಲ್ಟ್ ಇರಬೇಕಾದಲ್ಲಿ 300 ಸಿಕ್ಕಿದರೆ ಪುಣ್ಯ. ಅಷ್ಟು ಇಳಿದಾಗ ಮೋಟಾರಿನ ತಿರುಗುವ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತದೆ. ಆದರೂ ಅದು ನೀರೆತ್ತಲು ಹೆಣಗಿ, ಜಾಸ್ತಿ ಕರೆಂಟು ಎಳೆದು, ಬಿಸಿಯಾಗಿ ಸುಡುತ್ತದೆ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಬಿಲ್ಲಿಲ್ಲ, ನಿಜ. ರಿವೈಂಡಿಂಗಿನ ಬಿಲ್ಲು? ಎರಡು ವರ್ಷದಲ್ಲಿ ಮೂರು ಸಲ ಕೊಟ್ಟೆ. ಮೋಟಾರು ವಾಪಸು ಬರುವಷ್ಟರಲ್ಲಿ ಎಳೆ ಅಡಿಕೆ ಸಸಿಗಳು ಬಾಡಿದ್ದು ಬೇರೆ ಲೆಕ್ಕ.

ಕೊನೆಗೆ ಸ್ಟೆಬಿಲೈಸರ್ ಹಾಕಿಸಿದೆ. ನನಗೇನೋ ಸರಿಹೋಯ್ತು. ಎರಡೇ ದಿನದಲ್ಲಿ ಪಕ್ಕದ ತೋಟದವರು ಬಂದರು. "ನಿಮ್ಮ ಪಂಪು ಶುರುವಾದ್ರೆ ನಮ್ಮದು ಬರೇ ಗೊಣಗ್ತದೆ ಮಾರಾಯ್ರೆ!" ಅವರ ದೂರು ಸುಳ್ಳಲ್ಲ. ಆ ಪೆಟ್ಟಿಗೆ ವೋಲ್ಟೇಜನ್ನು ಹುಟ್ಟಿಸುವುದಿಲ್ಲ. ಲೈನಿನಿಂದ ಹೆಚ್ಚು ಆಂಪಿಯರ್ ಎಳೆದು ನನ್ನ ಕಡೆಗೆ ವೋಲ್ಟೇಜು ಏರಿಸಿ ಕೊಡುತ್ತದೆ, ಅಷ್ಟೇ. ತಂತಿಯಲ್ಲಿ ಆಂಪಿಯರ್ ಏರಿದಷ್ಟೂ ಉಳಿದವರಿಗೆ ವೋಲ್ಟೇಜು ಇಳಿಯುತ್ತದೆ. ಅವರೂ ಒಂದು ಹಾಕಿಸಿದರೆ ಇಬ್ಬರಿಗೂ ಇಲ್ಲ. ಹಾಗಾಗಿ ಮದ್ದು ಮನೆಮನೆಗಲ್ಲ, ಲೈನಿಗೇ ಬೇಕು.

ವಿಶ್ವವಿದ್ಯಾಲಯಗಳಲ್ಲಿ ಇಂಥ ಮದ್ದು ಅರೆಯುವವರಿದ್ದಾರೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯುನಿವರ್ಸಿಟಿಯಲ್ಲಿ 2008ರಲ್ಲಿ 'ಫ್ರೀಡಂ' ಎಂಬ ಸಂಶೋಧನಾ ಕೇಂದ್ರ ಶುರುವಾಯಿತು. ಅವರು ಮಾಡಿದ್ದು ಇಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್. ಬಂದ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಆವರ್ತನಕ್ಕೆ ಏರಿಸಿ, ಪುಟ್ಟ ಕೋರಿನಲ್ಲಿ ದಾಟಿಸಿ, ಮತ್ತೆ ಮಾಮೂಲಿ ಕರೆಂಟು ಮಾಡುವ ಯಂತ್ರ. ಒಳಬರುವ ವೋಲ್ಟೇಜು ಕುಣಿದರೂ ಹೊರಗಿನದು ಸ್ಥಿರ. ಮೋಟಾರಿನಲ್ಲಿ ಕಾಂತತ್ವ ಹುಟ್ಟಿಸಲು ಬೇಕಾದ ಕರೆಂಟನ್ನು ಅದು ಸ್ಥಳದಲ್ಲೇ ಒದಗಿಸಬಲ್ಲದು. ಅಷ್ಟರಮಟ್ಟಿಗೆ ಹಿಂದಿನ ಲೈನಿನ ಹೊರೆ ಇಳಿಯಿತು. ನಾವು ಪಂಪಿಗೆ ಹಾಕುವ ಕೆಪಾಸಿಟರಿನ ಕೆಲಸವೂ ಇದೇ, ಆದರೆ ಅದಕ್ಕೆ ಹೊತ್ತುಹೊತ್ತಿಗೆ ತಕ್ಕಂತೆ ಹೆಚ್ಚುಕಮ್ಮಿ ಮಾಡಲು ಬಾರದು.

ಅವರ ಮೊದಲ ಮಾದರಿಯೊಳಗಿನ ಸ್ವಿಚ್ಚು ಐಜಿಬಿಟಿ. ಅದನ್ನು ರೂಪಿಸಿದವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಜಯಂತ ಬಾಳಿಗರು. ಅವರು 1988ರಲ್ಲಿ ಸೇರಿದ್ದೂ ಇದೇ ವಿಶ್ವವಿದ್ಯಾಲಯವನ್ನು. ಪೂರ್ತಿ ಹೆಸರು ಬಂಟ್ವಾಳ ಜಯಂತ ಬಾಳಿಗಾ! 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಬಂದದ್ದು ಅವರಿಗೇ. ಸೋಲಾರ್ ಪಂಪಿನ ಡ್ರೈವಿನೊಳಗೂ ಸಾಮಾನ್ಯವಾಗಿ ಇರುವುದು ಈ ಸ್ವಿಚ್ಚೇ.

ಹಾಗೆಂದು ನಾಳೆಯೇ ಕಂಬಕ್ಕೆ ಏರಿಸಿ ಎನ್ನುವಷ್ಟು ಹುಂಬ ನಾನಲ್ಲ. ನಮ್ಮ ಹಳೇ ಎಣ್ಣೆ ಟ್ರಾನ್ಸ್‌ಫಾರ್ಮರ್ ಅಗ್ಗ, ಮಳೆಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ, ನಷ್ಟವೂ ನೂರಕ್ಕೆ ಒಂದೆರಡು ಮಾತ್ರ. ಎಪ್ರಿಲ್ ಸಿಡಿಲಿಗೆ ನಮ್ಮನೆಯ ಟಿವಿಯೇ ಉಳಿಯುವುದಿಲ್ಲ, ಈ ನಾಜೂಕಿನ ಸ್ವಿಚ್ಚುಗಳು ಉಳಿದಾವೆಯೇ? ಇಂಥ ಪ್ರಶ್ನೆಗೆ ಏಸಿ ಕೋಣೆಯ ಪ್ರಯೋಗಾಲಯದಲ್ಲಿ ಉತ್ತರ ಸಿಗಲಾರದು. ಬೆಂಗಳೂರಿನ ಐಐಎಸ್ಸಿಯಲ್ಲೂ ಪವರ್ ಇಲೆಕ್ಟ್ರಾನಿಕ್ಸ್ ಸಂಶೋಧನೆ ಇದೆ. ಅಲ್ಲಿನ ಹುಡುಗರು ಒಂದು ಮಾರ್ಚಿನಲ್ಲಿ, ಎಲ್ಲ ಪಂಪುಗಳೂ ಓಡುವ ಹೊತ್ತಿಗೆ, ಮೀಟರು ಹಿಡಿದು ಇಂಥ ತುದಿಕಂಬದ ಬುಡಕ್ಕೆ ಬರಬೇಕು. ಮೂರು ಬೇಸಗೆಯ ವೋಲ್ಟೇಜನ್ನು ದಿನಕ್ಕೆರಡು ಬಾರಿ ಬರೆದಿಟ್ಟ ಪುಸ್ತಕ ನನ್ನಲ್ಲಿದೆ. ಬೇಕಾದರೆ ಕೊಡುತ್ತೇನೆ.