ಚೆರ್ರಿ ಹೂ ಇರಲಿ, ಸಂಪಾಜೆಯ ಆಚೆ ಅರಳುವುದನ್ನು ಕಂಡಿದ್ದೀರಾ?



ಫೆಬ್ರವರಿ ಬಂತೆಂದರೆ ನಮ್ಮೂರಿನ ಮೊಬೈಲುಗಳಿಗೆ ಒಂದು ಹೊಸ ಜ್ವರ ಬರುತ್ತದೆ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ರಸ್ತೆ ಬದಿಯ ಗುಲಾಬಿ ಬಣ್ಣದ ಮರದ ಫೋಟೋ ಕಳಿಸುತ್ತಾರೆ. ಕೆಳಗೆ ‘ನಮ್ಮ ಬೆಂಗಳೂರಿನ ಚೆರ್ರಿ ಬ್ಲಾಸಮ್’ ಎಂಬ ಒಕ್ಕಣೆ. ಪುತ್ತೂರು, ಸುಳ್ಯ, ಕಡಬದಲ್ಲಿ ಕುಳಿತವರು ಅದನ್ನು ಇನ್ನು ಹತ್ತು ಮಂದಿಗೆ ದಾಟಿಸುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಜಪಾನಿಗೇ ಹೋಗಿಬರುವ ಲೆಕ್ಕ ಹಾಕುತ್ತಾರೆ. ಹೋಗಲಿ, ಬೇಡ ಎನ್ನಲು ನಾನು ಯಾರು? ಆದರೆ ಸ್ವಾಮೀ, ಬೆಂಗಳೂರಿನ ಆ ಮರ ಚೆರ್ರಿಯೇ ಅಲ್ಲ!

ಅದು ಟಬೆಬುಯಾ. ಮಧ್ಯ ಅಮೆರಿಕದ ಕಡೆಯ ಮರ. ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶಕ್ಕೆ ಅದೇ ರಾಷ್ಟ್ರವೃಕ್ಷ. ನಮ್ಮ ಕಾಡಿನ ಪಾದರಿ ಮರಕ್ಕೆ ಅದು ದೂರದ ನೆಂಟ, ಚೆರ್ರಿಗೆ ಏನೂ ಅಲ್ಲ. ವರ್ಷದ ಯಾವ ತಿಂಗಳಲ್ಲೂ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕೆಂದು ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದವರು ಲಾಲ್‌ಬಾಗಿನಲ್ಲಿದ್ದ ಜರ್ಮನಿಯ ಕ್ರುಂಬಿಗಲ್. 1980ರ ದಶಕದಲ್ಲಿ ಅದೇ ನಗರದಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು. ನೆಡಿಸಿದ ಕನ್ನಡಿಗನ ಹೆಸರು ಯಾರಿಗೂ ನೆನಪಿಲ್ಲ, ಜಪಾನಿನ ಹೆಸರು ಎಲ್ಲರ ಬಾಯಲ್ಲಿ! ಇದಕ್ಕೆ ಏನೆನ್ನೋಣ?

ಜಪಾನಿನವರನ್ನು ನಾನು ಹಳಿಯುತ್ತಿಲ್ಲ. ಅವರಿಂದ ಕಲಿಯುವುದು ಬೇಕಾದಷ್ಟಿದೆ. ಹೂ ನೋಡುವುದಕ್ಕೆ ಅವರು ‘ಹನಾಮಿ’ ಎನ್ನುತ್ತಾರೆ. ‘ಹನಾ’ ಎಂದರೆ ಹೂ, ‘ಮಿ’ ಎಂದರೆ ನೋಡುವುದು. ಅಷ್ಟೇ. ಮರದ ಕೆಳಗೆ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಮನೆಯವರು ಗೆಳೆಯರು ಕುಳಿತುಕೊಳ್ಳುವುದು. ಟೋಕಿಯೋದಲ್ಲಿ ಯಸುಕುನಿ ದೇಗುಲದ ಒಂದು ಗೊತ್ತಾದ ಮರದಲ್ಲಿ ಐದಾರು ಹೂ ಅರಳಿದ್ದನ್ನು ಹವಾಮಾನ ಇಲಾಖೆಯವರು ಕಣ್ಣಾರೆ ಕಂಡ ಮೇಲೆಯೇ ಹೂ ಬಂತೆಂದು ಸಾರುತ್ತಾರೆ. ಕ್ಯೋಟೋ ನಗರದಲ್ಲಿ ಹೂ ಅರಳಿದ ದಿನಗಳ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಹೂ ತುಂಬಿತು, 1200 ವರ್ಷಗಳಲ್ಲೇ ಅತಿ ಬೇಗ ಎಂದು ಲೆಕ್ಕ ಇಟ್ಟವರು ಹೇಳಿದರು. ನಾವು ಎರವಲು ತರಬೇಕಾದ್ದು ಈ ನಿಗಾವನ್ನು. ತಂದದ್ದು ಬರೀ ಹೆಸರನ್ನು.

ಈಗ ನಮ್ಮ ಕಡೆಗೆ ಬನ್ನಿ. ಸುಳ್ಯದಿಂದ ಮಡಿಕೇರಿಗೆ ಸುಮಾರು 50 ಕಿಲೋಮೀಟರ್. ಸಂಪಾಜೆ, ಕೊಯನಾಡು ದಾಟಿ ಘಾಟಿ ಹತ್ತಿದರೆ ಮದೆನಾಡಿನ ಆಸುಪಾಸಿನಿಂದ ಕಾಫಿ. ಕಡಬದವರಿಗೆ ಸುಬ್ರಹ್ಮಣ್ಯದ ಕುಲ್ಕುಂದದಿಂದ ಬಿಸಿಲೆ ಘಾಟಿ ಹತ್ತಿ ಸಕಲೇಶಪುರದ ಕಡೆಯ ತೋಟಗಳು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಬೆಳೆಯುವುದು ನಮ್ಮ ರಾಜ್ಯದಲ್ಲಿ. ಆ ಕಾಫಿ ಹೂ ಬಿಟ್ಟ ಬೆಳಿಗ್ಗೆ ತೋಟದ ಬೇಲಿಯ ಹೊರಗೆ ನಿಂತವರೆಷ್ಟು ಮಂದಿ? ಗೆಲ್ಲು ಗೆಲ್ಲಿಗೂ ಅಕ್ಕಿ ಹಿಟ್ಟು ಬಳಿದ ಹಾಗೆ ಬೆಳ್ಳಗೆ. ಪರಿಮಳ ಮಲ್ಲಿಗೆಯ ಹತ್ತಿರದ್ದು. ನಮ್ಮ ಗುಡ್ಡೆಗಳ ಕೇಪಳವೂ ಕಾಫಿಯೂ ಒಂದೇ ಕುಟುಂಬದ ಗಿಡಗಳೆಂಬುದು ಎಷ್ಟು ಜನಕ್ಕೆ ಗೊತ್ತು?

ಕಾಫಿಯೂ ಪರದೇಶದ್ದೇ ಅಲ್ಲವೇ ಎಂದು ಕೇಳುವ ಜಾಣರಿದ್ದಾರೆ. ಹೌದು ಮಾರಾಯ್ರೇ, ಬಾಬಾ ಬುಡನ್ ಯೆಮೆನ್ನಿನಿಂದ ಏಳು ಬೀಜ ತಂದರೆಂದು ಐತಿಹ್ಯ. ಗಿಡ ಹೊರಗಿನಿಂದ ಬಂದರೆ ತಪ್ಪೇನು? ಅದು ಬಂದ ಮೇಲೆ ನಮ್ಮ ಜನ ಅದಕ್ಕೆ ನಮ್ಮ ಮಾತು ಕಟ್ಟಿದರು. ಬೇಸಗೆಯಲ್ಲಿ ಬಿದ್ದು ಕಾಫಿಯನ್ನು ಅರಳಿಸುವ ಮಳೆಗೆ ‘ಹೂಮಳೆ’ ಎಂದರು. ಮುಂದೆ ಬರುವ ಹೂವಿನ ಹೆಸರನ್ನು ಇಂದಿನ ಮಳೆಗೆ ಇಟ್ಟ ಭಾಷೆ ನಮ್ಮದು. ಇಂಥ ಮಾತು ಇರುವವರು ‘ಬ್ಲಾಸಮ್’ ಎಂದು ತೊದಲಬೇಕೇ?

ನಾನು ಮುದ್ರಣಾಲಯ ಇಟ್ಟುಕೊಂಡವನು. ಮದುವೆ ಕಾಗದ, ಜಾತ್ರೆ, ರಸೀದಿ ಪುಸ್ತಕಗಳ ನಡುವೆ ಪ್ರವಾಸದ ಕರಪತ್ರಗಳೂ ಬರುತ್ತವೆ. ‘ಒಂದೇ ದಿನದಲ್ಲಿ ಒಂಬತ್ತು ಸ್ಥಳ, ಊಟ ತಿಂಡಿ ಸಹಿತ.’ ಬೆಳಗಿನ ಜಾವ ಮೂರಕ್ಕೆ ಬಸ್ಸು ಹೊರಟರೆ ಮರುದಿನ ಮೂರಕ್ಕೆ ವಾಪಸ್. ಅದನ್ನು ಅಚ್ಚು ಹಾಕಿ ಹಣ ಎಣಿಸಿದವನು ಹೀಗೆ ಬರೆಯಬಹುದೇ ಎಂದು ಕೇಳಬೇಡಿ. ಮದ್ಯವರ್ಜನ ಶಿಬಿರವನ್ನೂ ಬಾರಿನ ಉದ್ಘಾಟನೆಯನ್ನೂ ಹೊಡೆಯುವುದು ಒಂದೇ ಯಂತ್ರ. ಒಂದು ವರ್ಷ ಒಬ್ಬರು ‘ಕಾಫಿ ಹೂ ಪ್ರವಾಸ, ಮಾರ್ಚ್ ಎರಡನೇ ಭಾನುವಾರ, 50 ಸೀಟು’ ಎಂದು ಬರೆದುಕೊಂಡು ಬಂದರು. ಹೂವಿಗೆ ದಿನಾಂಕ ಕೊಟ್ಟವರು ಯಾರು ಎಂದು ಕೇಳಿದೆ. ನಗಾಡಿದರು. ಹೋದವರಿಗೆ ಸಿಕ್ಕಿದ್ದು ಬಾಡಿ ಕಂದಾಗಿದ್ದ ಹೂ. ಎಲ್ಲೋ ನೀರು ಹಾಯಿಸಿದ ಒಂದು ತೋಟದಲ್ಲಿ ಮಾತ್ರ ಬಿಳಿ ಉಳಿದಿತ್ತಂತೆ. ಐವತ್ತು ಮಂದಿಯೂ ಅಲ್ಲಿಗೇ ನುಗ್ಗಿ, ಫೋಟೋಕ್ಕಾಗಿ ಗೆಲ್ಲು ಮುರಿದು ತಲೆಗೆ ಮುಡಿದು ಬಂದರು. ಬೆಳೆಗಾರ ಬೈದನೆಂದು ನನ್ನ ಅಂಗಡಿಗೆ ಬಂದು ದೂರು ಬೇರೆ!

ಬೈಯದೆ ಇನ್ನೇನು ಮಾಡಬೇಕು? ಆ ಹೂವೇ ಅವನ ಬರುವ ವರ್ಷದ ಬೆಳೆ. ಮಳೆ ಒಂದಿಂಚಿನಷ್ಟು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಅರಳುತ್ತದೆ. ಎರಡು ಮೂರು ದಿನಕ್ಕೆ ಮುಗಿಯುತ್ತದೆ. ರೊಬಸ್ಟಾ ಗಿಡಕ್ಕೆ ತನ್ನದೇ ಪರಾಗ ಆಗಿಬರುವುದಿಲ್ಲ, ಬೇರೆ ಗಿಡದ್ದು ಗಾಳಿಯಲ್ಲೋ ಜೇನುನೊಣದ ಕಾಲಲ್ಲೋ ಬರಬೇಕು. ಆ ಎರಡು ಮೂರು ದಿನ ತೋಟದೊಳಕ್ಕೆ ಕೆಲಸದವರನ್ನೂ ಬಿಡದ ಬೆಳೆಗಾರರಿದ್ದಾರೆ. ಅಂಥಲ್ಲಿಗೆ ಬಸ್ಸು ತುಂಬ ಜನ, ಹಾರ್ನು, ಸೆಂಟು! ಅದರ ಮೇಲೆ ಮಳೆಯ ಆಟ ಬೇರೆ. 2021ರ ಜನವರಿಯಲ್ಲಿ ಕೊಡಗಿನಲ್ಲಿ ಅಕಾಲದ ಮಳೆ ಸುರಿದಾಗ ಕೊಯ್ಲು ಮುಗಿದಿರಲಿಲ್ಲ, ಕಣದಲ್ಲಿ ಕಾಫಿ ಒಣಗುವಂತಿರಲಿಲ್ಲ. ಅರಳಿದ ದಿನವೇ ಜೋರು ಮಳೆ ಬಂದರೆ ಹೂ ಕೊಳೆಯುತ್ತದೆ. ನಮಗೆ ಒಂದು ದಿನದ ಮೋಜು, ಅವನಿಗೆ ವರ್ಷದ ಅನ್ನ.

ಹಾಗಾದರೆ ಹೋಗುವುದೇ ಬೇಡವೇ? ಹೋಗಿ, ಖಂಡಿತ ಹೋಗಿ. ಆರೇಳು ಮಂದಿ ಸಾಕು, ಒಂದು ಜೀಪಿನಲ್ಲಿ ಹಿಡಿಯುವಷ್ಟು. ಮನೆಯ ಅಜ್ಜಿಯೂ ಇರಲಿ, ಮಕ್ಕಳೂ ಇರಲಿ. ದಿನ ಗೊತ್ತು ಮಾಡಬೇಡಿ. ಸುಳ್ಯ ಪುತ್ತೂರಿನ ಎಷ್ಟೋ ಮನೆಗಳಿಗೆ ಘಾಟಿಯ ಮೇಲೆ ಹೆಣ್ಣು ಕೊಟ್ಟ, ತಂದ ಸಂಬಂಧವಿದೆ. ಫೆಬ್ರವರಿಯಿಂದಲೇ ಅಲ್ಲೊಬ್ಬ ಭಾವನನ್ನೋ ಚಿಕ್ಕಮ್ಮನನ್ನೋ ಆಗಾಗ ವಿಚಾರಿಸುತ್ತಿರಿ. ಅಲ್ಲಿಯವರು ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆದು ಬರೆದಿಡುವವರು. ‘ಒಂದು ಇಂಚು ಹತ್ತು ಸೆಂಟು ಬಿತ್ತು’ ಎಂಬ ಮಾತು ಬಂದ ದಿನದಿಂದ ಎಂಟು ದಿನ ಎಣಿಸಿ, ಮತ್ತೆ ಕೇಳಿ, ಆಮೇಲೆ ಹೊರಡಿ. ಒಂದೇ ಊರು, ಒಂದೇ ತೋಟ. ಮಡಿಕೇರಿಯ ರಾಜಾಸೀಟು, ಅಬ್ಬಿ ಜಲಪಾತ ಅದೇ ದಿನ ಬೇಡ, ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಯಜಮಾನರನ್ನು ಕೇಳದೆ ಗೇಟು ದಾಟಬೇಡಿ. ಒಳಗೆ ಬನ್ನಿ ಎಂದರೂ ದಾರಿಯಲ್ಲೇ ನಿಲ್ಲಿ. ಹೆಜ್ಜೇನು ಇರುತ್ತದೆ, ಅತ್ತರು ಪೂಸಿಕೊಂಡು ಹೋಗಬೇಡಿ. ಊಟ ಮನೆಯಿಂದ ಬಾಳೆಲೆಯಲ್ಲಿ ಕಟ್ಟಿಕೊಂಡು ಹೋದರೆ ಪ್ಲಾಸ್ಟಿಕ್ಕಿನ ಕಸವಿಲ್ಲ. ಅಲ್ಲಿಯೇ ತಂಗುವುದಾದರೆ ಆ ಮನೆಯವರಿಗೆ ಚೌಕಾಸಿ ಮಾಡದೆ ಹಣ ಕೊಡಿ.

ಕಡಬದ ಕಡೆಯಿಂದ ಹೋಗುವವರಿಗೆ ಇನ್ನೊಂದು ಮಾತು. ಬೆಳಕು ಹರಿದ ಮೇಲೆಯೇ ಹೊರಡಿ, ಕತ್ತಲಾಗುವ ಮೊದಲು ಘಾಟಿ ಇಳಿಯಿರಿ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಮುಂಜಾನೆ ಆನೆ ದಾಳಿಗೆ ಇಬ್ಬರು ಸತ್ತದ್ದನ್ನು ಈ ಊರು ಮರೆತಿಲ್ಲ.

ತೋಟಗಳ ಬೋರ್ಡಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಪತ್ರಿಕೆಯ ಓದುಗರು ನನ್ನನ್ನು ಬಿಡಲಿಕ್ಕಿಲ್ಲ. ‘ಒಳಗೆ ಪ್ರವೇಶವಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆಸಿ, ಕನ್ನಡದವರು ನುಗ್ಗಿದರು ಎಂದರೆ ಹೇಗೆ? ಬೆಳೆಗಾರ ಬಂಧುಗಳೇ, ಕನ್ನಡದಲ್ಲಿ ಬರೆಸಿ. ‘ಹೂ ಬಿಟ್ಟಿದೆ, ದೂರದಿಂದ ನೋಡಿ’ ಎಂದರೆ ಸಾಕು, ನಮ್ಮ ಜನಕ್ಕೆ ನಾಟುತ್ತದೆ.

ಘಾಟಿ ಹತ್ತಲಾಗದವರಿಗೆ ಊರಲ್ಲೇ ಇದೆ. ಬಿಸು ಕಣಿಗೆ ಇಡುವ ಕೊಂದೆ ಹೂ, ಹೊಳೆಬದಿಯ ಹೊಳೆದಾಸವಾಳ, ಮಕ್ಕಳು ಹೆಕ್ಕಿ ಪೋಣಿಸುವ ರೆಂಜೆ. ಎಲ್ಲಕ್ಕಿಂತ ನನಗೆ ಸುರಗಿ ಹೆಚ್ಚು. ಪಶ್ಚಿಮ ಘಟ್ಟದ ಸ್ವಂತ ಮರ, ಬಲಿತ ಗೆಲ್ಲಿಗೇ ಅಂಟಿಕೊಂಡು ಹೂ ಬಿಡುತ್ತದೆ, ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಅನಂತಮೂರ್ತಿಯವರು ತಮ್ಮ ಆತ್ಮಕಥೆಗೆ ಇಟ್ಟದ್ದು ಇದೇ ಹೆಸರು. ಫೆಬ್ರವರಿ, ಮಾರ್ಚಿನಲ್ಲಿ ನಿಮ್ಮ ಗ್ರಾಮದ ಹಿರಿಯರನ್ನು ಕೇಳಿದರೆ ಸುರಗಿ ಮರ ಎಲ್ಲಿದೆಯೆಂದು ತೋರಿಸಿಯಾರು. ನಾಲ್ಕು ಜನ ಚಾಪೆ, ಚಾದ ಫ್ಲಾಸ್ಕು ಹಿಡಿದು ಹೋಗಿ. ಒಣಗಿಸಿ ಮಾರುವುದಕ್ಕೆ ಮೊಗ್ಗು ಕೊಯ್ಯುವವರು ಬೆಳಿಗ್ಗೆ ಬೇಗ ಮರ ಹತ್ತುತ್ತಾರೆ. ಅವರಿಗಿಂತ ಅರ್ಧ ಗಂಟೆ ಮೊದಲು ನೀವು ಬುಡದಲ್ಲಿರಬೇಕು.